ಪಕ್ಕದ ಏರ್‌ಪೋರ್ಟಿಗೆ ಬೇರೆ ತೆರಿಗೆ: ಬೇಕಾ, ಬೇಡವಾ?

ಬ್ರಿಟನ್ನಿನಲ್ಲಿ ವಿಮಾನ ಹತ್ತಿದರೆ ಟಿಕೆಟ್ಟಿನ ಜೊತೆ ಏರ್ ಪ್ಯಾಸೆಂಜರ್ ಡ್ಯೂಟಿ, ಅಂದರೆ ಎಪಿಡಿ, ಕಟ್ಟಬೇಕು. 1994ರ ನವೆಂಬರ್‌ನಲ್ಲಿ ಶುರುವಾದಾಗ ಹತ್ತಿರಕ್ಕೆ 5 ಪೌಂಡ್, ದೂರಕ್ಕೆ 10 ಪೌಂಡ್ ಇತ್ತು. 2025ರ ಏಪ್ರಿಲ್‌ನಲ್ಲಿ ಎಕಾನಮಿ ದರ ದೇಶದೊಳಗೆ 7, ಯುರೋಪಿಗೆ 13, ನ್ಯೂಯಾರ್ಕ್‌ನಷ್ಟು ದೂರಕ್ಕೆ 90 ಪೌಂಡ್ ಆಯಿತು. ಈ ದರವನ್ನು ಲಂಡನ್ನಿನ ಸರ್ಕಾರವೇ ಎಲ್ಲರಿಗೂ ನಿಗದಿ ಮಾಡಬೇಕಾ, ಅಥವಾ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ತಮ್ಮ ತಮ್ಮ ನಿಲ್ದಾಣಗಳಿಗೆ ಬೇಕಾದಷ್ಟು ಇಳಿಸಿಕೊಳ್ಳಬಹುದಾ? ಎರಡೂ ಕಡೆಯ ವಾದ ಕೆಳಗಿದೆ. ನನ್ನ ಒಲವು ಎತ್ತ ಅಂತ ಓದಿದವರಿಗೆ ಗೊತ್ತಾಗುತ್ತದೆ, ಮುಚ್ಚಿಟ್ಟಿಲ್ಲ.

ಪರ: ಇಳಿಸಿಕೊಳ್ಳಲಿ ಬಿಡಿ

ಎಲ್ಲರಿಗೂ ಒಂದೇ ದರ ಅಂದರೆ ನ್ಯಾಯ ಅನಿಸುತ್ತದೆ. ಆದರೆ ಅದರ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳುವುದಿಲ್ಲ. ಲಂಡನ್ನಿನ ದೊಡ್ಡ ಏರ್‌ಪೋರ್ಟ್ ಹೀಥ್ರೂನಲ್ಲಿ ವರ್ಷಕ್ಕೆ 4,80,000 ವಿಮಾನಗಳ ಮಿತಿ ಇದೆ, ಅದು ಹೆಚ್ಚುಕಮ್ಮಿ ತುಂಬಿಹೋಗಿದೆ, ಒಂದು ಏರ್‌ಲೈನ್ ಬಿಟ್ಟ ಸ್ಲಾಟಿಗೆ (ವಿಮಾನ ಏರಿಸಲು, ಇಳಿಸಲು ಸಿಗುವ ಸಮಯಕ್ಕೆ) ಇನ್ನೊಂದು ಬಾಯಿಬಿಟ್ಟು ಕಾದಿರುತ್ತದೆ. ಅಲ್ಲಿ ತೆರಿಗೆ ಏರಿದರೂ ಯಾರೂ ಜಾಗ ಖಾಲಿ ಮಾಡುವುದಿಲ್ಲ. ಸಣ್ಣ ನಿಲ್ದಾಣದ ಕಥೆ ಬೇರೆ. ಅಲ್ಲಿಗೆ ಬರುವವರಲ್ಲಿ ರಜೆಗೆ ಹೊರಟವರೇ ಜಾಸ್ತಿ, ಟಿಕೆಟ್ ಅಗ್ಗ ಅಂತಲೇ ಹೊರಟವರು. 40 ಪೌಂಡಿನ ಟಿಕೆಟ್ಟಿನಲ್ಲಿ 13 ಪೌಂಡ್ ತೆರಿಗೆಗೇ ಹೋದರೆ ಏರ್‌ಲೈನಿಗೆ ಉಳಿಯುವುದೆಷ್ಟು? ಲಾಭ ಬಾರದ ಕಡೆಯಿಂದ ವಿಮಾನ ಎತ್ತಿಕೊಂಡು ಹೋಗಿ ಇನ್ನೊಂದು ಊರಿನಿಂದ ಹಾರಿಸಲು ಅವರಿಗೆ ಒಂದು ಸೀಸನ್ ಸಾಕು.

ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್ ನೋಡಿ. ಬಸ್ ಹತ್ತಿದರೆ ಎರಡು ಗಂಟೆಯಲ್ಲಿ ಬೇರೆ ದೇಶವಾದ ಐರ್ಲೆಂಡಿನ ಡಬ್ಲಿನ್ ಏರ್‌ಪೋರ್ಟ್. ಮಧ್ಯೆ ಅಂತಾರಾಷ್ಟ್ರೀಯ ಗಡಿ ಇದೆ, ಆದರೆ ಅಲ್ಲಿ ಯಾರೂ ತಡೆಯುವುದಿಲ್ಲ. ಐರ್ಲೆಂಡ್ 2009ರಲ್ಲಿ 10 ಯೂರೋ ತೆರಿಗೆ ಹಾಕಿ, 2011ರಲ್ಲಿ 3ಕ್ಕೆ ಇಳಿಸಿ, 2014ರ ಏಪ್ರಿಲ್‌ನಲ್ಲಿ ಪೂರ್ತಿ ತೆಗೆದೇ ಹಾಕಿತು. ಈಗ ಬೆಲ್‌ಫಾಸ್ಟಿನ ಗಂಡ ಹೆಂಡತಿ ಲಂಡನ್ ಮೇಲೆ ಒಂದೇ ಟಿಕೆಟ್ಟಿನಲ್ಲಿ ನ್ಯೂಯಾರ್ಕಿಗೆ ಹೊರಟರು ಅಂದುಕೊಳ್ಳಿ. ತೆರಿಗೆ ಲೆಕ್ಕ ಹಾಕುವುದು ಕೊನೆಯ ಊರಿನ ಮೇಲೆ. 2025ರ ದರದಲ್ಲಿ ಇಬ್ಬರಿಗೆ 180 ಪೌಂಡ್. ಡಬ್ಲಿನ್ನಿನಿಂದ ಹೊರಟರೆ ಸೊನ್ನೆ. ಬಸ್ ಚಾರ್ಜು ಕಳೆದರೂ ಉಳಿತಾಯವೇ ಅಲ್ವಾ?

ಹೀಗೆ ಪಕ್ಕದವನು ಬಾಗಿಲು ತೆರೆದಿಟ್ಟು ಕೂತಿರುವಾಗ ನಿನ್ನ ಕೈ ಕಟ್ಟಿಹಾಕುತ್ತೇನೆ ಅನ್ನುವುದು ಯಾವ ನ್ಯಾಯ? ಅದಕ್ಕೇ 2011ರಲ್ಲಿ ಉತ್ತರ ಐರ್ಲೆಂಡಿನ ದೂರದ ನೇರ ವಿಮಾನಗಳ ಎಪಿಡಿಯನ್ನು ಇಳಿಸಿದರು, 2013ರ ಜನವರಿಯಿಂದ ಅದು ಸೊನ್ನೆಯಾಯಿತು. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಮತ್ತು ದ್ವೀಪಗಳ ನಿಲ್ದಾಣಗಳಿಂದ ಹೊರಡುವವರಿಗಂತೂ ಎಪಿಡಿಯೇ ಇಲ್ಲ. ಇದರಿಂದ ಆಕಾಶವೇನೂ ಕಳಚಿ ಬಿದ್ದಿಲ್ಲ.

ವಿರೋಧ: ಪ್ರಯಾಣಿಕರು ಹೊಸಬರಲ್ಲ, ಪಕ್ಕದವರು

ಮೇಲಿನ ವಾದದಲ್ಲಿ ಬೆಲ್‌ಫಾಸ್ಟಿನ ಕಥೆ ಅರ್ಧಕ್ಕೇ ನಿಂತಿದೆ. ಆ ರಿಯಾಯಿತಿ ತಂದದ್ದು ಮುಖ್ಯವಾಗಿ ಒಂದು ವಿಮಾನವನ್ನು ಉಳಿಸಿಕೊಳ್ಳಲು, ಬೆಲ್‌ಫಾಸ್ಟಿನಿಂದ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕಿಗೆ ಹೋಗುವುದು. ತೆರಿಗೆ ಸೊನ್ನೆಯಾಯಿತು, ಅದರ ಖರ್ಚು ಉತ್ತರ ಐರ್ಲೆಂಡ್ ಸರ್ಕಾರದ ತಲೆಗೇ ಬಂತು. ಸಾಲದು ಅಂತ 2016ರಲ್ಲಿ 90 ಲಕ್ಷ ಪೌಂಡಿನ ನೆರವಿನ ಮಾತಾಯಿತು, ಅದಕ್ಕೆ ಯುರೋಪಿಯನ್ ಕಮಿಷನ್ ಅಡ್ಡಬಂತು. 2017ರ ಜನವರಿಯಲ್ಲಿ ವಿಮಾನ ನಿಂತೇ ಹೋಯಿತು. ಡಬ್ಲಿನ್ನಿನಿಂದ ಅಮೆರಿಕಕ್ಕೆ ವಿಮಾನಗಳು ಜಾಸ್ತಿ, ಅಮೆರಿಕದ ಇಮಿಗ್ರೇಷನ್ ಡಬ್ಲಿನ್ನಿನಲ್ಲೇ ಮುಗಿಯುತ್ತದೆ. ಜನ ಅಲ್ಲಿಗೆ ಹೋಗುವುದು ಸುಮ್ನೆ ತೆರಿಗೆ ಉಳಿಸಲು ಮಾತ್ರ ಅಲ್ಲ.

ತೆರಿಗೆ ವ್ಯತ್ಯಾಸದಿಂದ ಜನ ಕದಲುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕದಲುತ್ತಾರೆ, ಅದೇ ತಕರಾರು. ನೆದರ್ಲೆಂಡ್ಸ್ 2008ರ ಜುಲೈನಲ್ಲಿ ಹತ್ತಿರಕ್ಕೆ 11.25, ದೂರಕ್ಕೆ 45 ಯೂರೋ ತೆರಿಗೆ ಹಾಕಿತು. ಡಚ್ಚರು ಗಡಿ ದಾಟಿ ಡಸೆಲ್‌ಡಾರ್ಫ್, ಬ್ರಸೆಲ್ಸ್, ಗಡಿಗೆ ಅಂಟಿಕೊಂಡಂತಿರುವ ವೇಜೆ ನಿಲ್ದಾಣಗಳ ದಾರಿ ಹಿಡಿದರು. ಒಂದೇ ವರ್ಷಕ್ಕೆ ಸರ್ಕಾರ ಅದನ್ನು ಸೊನ್ನೆ ಮಾಡಿತು. (ಆಗ ಜಗತ್ತಿನ ಆರ್ಥಿಕ ಕುಸಿತವೂ ಇತ್ತು, ಎಲ್ಲ ನಷ್ಟವನ್ನೂ ತೆರಿಗೆಯ ತಲೆಗೆ ಕಟ್ಟುವುದು ಸರಿಯಲ್ಲ.) ವೇಜೆಗೆ ಬಂದವರು ಹೊಸದಾಗಿ ಹುಟ್ಟಿದ ಪ್ರಯಾಣಿಕರಲ್ಲ, ಡಚ್ ನಿಲ್ದಾಣಗಳಿಗೆ ಹೋಗಬೇಕಿದ್ದವರೇ. ಅದೇ ನೆದರ್ಲೆಂಡ್ಸ್ 2021ರಲ್ಲಿ ಮತ್ತೆ ತೆರಿಗೆ ತಂದು, 2023ರಲ್ಲಿ 26 ಯೂರೋ ದಾಟಿಸಿತು, ಆದರೂ ಈ ಸಲ ಹಿಂದೆ ಸರಿಯಲಿಲ್ಲ. ಅಷ್ಟರಲ್ಲಿ ಒಂದು ಬದಲಾವಣೆ ಆಗಿತ್ತು: ಜರ್ಮನಿ 2011ರಿಂದಲೇ ತೆರಿಗೆ ಹಾಕುತ್ತಿತ್ತು, 2022ರಲ್ಲಿ ಬೆಲ್ಜಿಯಂ ಕೂಡ ಸೇರಿಕೊಂಡಿತು. ಎಲ್ಲ ಬಾಗಿಲಲ್ಲೂ ತೆರಿಗೆ ಇದ್ದರೆ ಗಡಿ ದಾಟಿ ಉಳಿಯುವುದು ಕಡಿಮೆ.

ಈಗ ವೇಲ್ಸಿಗೆ ಬನ್ನಿ. ಕಾರ್ಡಿಫ್ ಏರ್‌ಪೋರ್ಟನ್ನು ವೇಲ್ಸ್ ಸರ್ಕಾರ 2013ರಲ್ಲಿ 5.2 ಕೋಟಿ ಪೌಂಡ್ ಕೊಟ್ಟು ಕೊಂಡುಕೊಂಡಿತು. ಸೆವೆರ್ನ್ ನದಿಯ ಆಚೆ ಇಂಗ್ಲೆಂಡಿನಲ್ಲಿರುವ ಬ್ರಿಸ್ಟಲ್ ಏರ್‌ಪೋರ್ಟ್ ಅದರ ನೇರ ಎದುರಾಳಿ. 2018ರ ಡಿಸೆಂಬರ್‌ನಲ್ಲಿ ಸೇತುವೆಯ ಟೋಲ್ ಕೂಡ ಹೋಯಿತು, ಅಡ್ಡಾಡುವುದು ಇನ್ನೂ ಸಲೀಸು. ಇಂಥ ಕಡೆ ಒಂದು ನಿಲ್ದಾಣದ ಮಾಲೀಕನ ಕೈಗೇ ತೆರಿಗೆ ಇಳಿಸುವ ಅಧಿಕಾರ ಕೊಡಿ ಅನ್ನುತ್ತಾರೆ! ಅಂಗಡಿಯವನೇ ತೂಕದ ಕಲ್ಲು ಕೆತ್ತಿಕೊಂಡ ಹಾಗಾಯಿತು. ಇದರ ವಿರುದ್ಧ ಬ್ರಿಸ್ಟಲ್ ಕೂಗಾಡಿದ್ದರಲ್ಲಿ ಸ್ವಾರ್ಥ ಇತ್ತು, ನಿಜ. ಹಾಗಂತ ಮಾತು ಸುಳ್ಳಾಗುವುದಿಲ್ಲ.

ಇಂಗ್ಲೆಂಡಿನ ಉತ್ತರದ ನ್ಯೂಕಾಸಲ್‌ಗೂ ಇದೇ ದಿಗಿಲು. ರೈಲಿನಲ್ಲಿ ಒಂದೂವರೆ ಗಂಟೆ ದೂರದ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ತೆರಿಗೆ ಅರ್ಧವಾದರೆ ಏರ್‌ಲೈನುಗಳು ಎರಡೂ ಕಡೆ ಚೌಕಾಸಿ ಶುರು ಮಾಡುತ್ತವೆ. ಸ್ಕಾಟ್ಲೆಂಡ್ 2017ರಲ್ಲಿ ತನ್ನದೇ ವಿಮಾನ ತೆರಿಗೆಗೆ ಕಾಯ್ದೆಯನ್ನೇ ಮಾಡಿತ್ತು, ಅರ್ಧ ಇಳಿಸುವ ಯೋಜನೆಯನ್ನು 2019ರಲ್ಲಿ ಹವಾಮಾನದ ಕಾರಣಕ್ಕೆ ಕೈಬಿಟ್ಟಿತು. ಬಿಟ್ಟದ್ದು ಒಳ್ಳೆಯದೇ ಆಯಿತು. ಯಾಕೆಂದರೆ ಎಡಿನ್‌ಬರೋ ಇಳಿಸಿದರೆ ಉತ್ತರವಾಗಿ ಇಳಿಸಲು ನ್ಯೂಕಾಸಲ್ ಬಳಿ ತನ್ನದೇ ಪಾರ್ಲಿಮೆಂಟ್ ಇಲ್ಲ.

ಹೀಥ್ರೂ ತುಂಬಿದೆ, ಸಣ್ಣವು ಸೊರಗಿವೆ ಅನ್ನುವ ಮಾತನ್ನು ಮಾತ್ರ ಒಪ್ಪುತ್ತೇನೆ. ಹಾಗಿದ್ದರೆ ತುಂಬಿದ ಕಡೆ ಜಾಸ್ತಿ ಹಾಕಿ, ಖಾಲಿ ಇರುವ ಕಡೆ ಕಡಿಮೆ ಮಾಡಿ. ಕಾರ್ಡಿಫ್ ಸಣ್ಣದು ಅಂತ ಸಿಗುವ ರಿಯಾಯಿತಿ, ಇಂಗ್ಲೆಂಡಿನಲ್ಲೇ ಇರುವ ಎಕ್ಸಿಟರ್‌ಗೂ ಸಿಗಲಿ.