ನೋವಿಲ್ಲದೆ ಅರ್ಥವಿಲ್ಲವೆಂದು ಫ್ರಾಂಕ್ಲ್ ಹೇಳಿದ್ದರೇ?

‘ಆಶ್ವಿಟ್ಜ್‌ನಲ್ಲಿ ಮೂರು ವರ್ಷ ಕಳೆದ ವಿಕ್ಟರ್ ಫ್ರಾಂಕ್ಲ್, ನೋವುಣ್ಣದವರಿಗೆ ಬದುಕಿನ ಅರ್ಥ ದಕ್ಕದು ಎಂದಿದ್ದಾರೆ’ ಎಂಬ ವಾಟ್ಸ್‌ಆ್ಯಪ್ ಸಂದೇಶದ ಎರಡೂ ಭಾಗಗಳು ತಪ್ಪು.

ಸತ್ಯಾಂಶ: ವಿಯೆನ್ನಾದ ಮನೋವೈದ್ಯರಾಗಿದ್ದ ಫ್ರಾಂಕ್ಲ್ 1942ರಿಂದ 1945ರವರೆಗೆ ಹಿಟ್ಲರನ ನಾತ್ಸಿ ಆಡಳಿತದ ಯಾತನಾ ಶಿಬಿರಗಳಲ್ಲಿ ಸೆರೆಯಾಗಿದ್ದರು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಥೆರೇಸಿಯನ್‌ಸ್ಟಾಟ್‌ನಲ್ಲಿ. ಆಶ್ವಿಟ್ಜ್‌ನಲ್ಲಿ ಇದ್ದದ್ದು ಕೆಲವೇ ದಿನ. ಆಮೇಲೆ ಅವರನ್ನು ಡಾಖಾವ್‌ನ ಉಪಶಿಬಿರಗಳಿಗೆ ಸಾಗಿಸಲಾಯಿತು. ಇದರಿಂದ ಅವರ ಸಂಕಟವೇನೂ ಹಗುರವಾಗುವುದಿಲ್ಲ, ತಂದೆ, ತಾಯಿ, ಸಹೋದರ, ಪತ್ನಿ ಎಲ್ಲರನ್ನೂ ಅವರು ಶಿಬಿರಗಳಲ್ಲೇ ಕಳೆದುಕೊಂಡರು.

ಹೆಚ್ಚು ಅಪಾಯಕಾರಿಯಾದದ್ದು ಎರಡನೆಯ ತಪ್ಪು. ಮಾಡುವ ಕೆಲಸದಲ್ಲಿ, ಪ್ರೀತಿಯಲ್ಲಿ ಅಥವಾ ಸೌಂದರ್ಯದ ಅನುಭವದಲ್ಲಿ ಅರ್ಥ ದೊರೆಯುತ್ತದೆ, ನೋವು ಅದಕ್ಕೆ ಅನಿವಾರ್ಯವಲ್ಲ ಎಂಬುದನ್ನು ಫ್ರಾಂಕ್ಲ್ ಸ್ಪಷ್ಟವಾಗಿಯೇ ಬರೆದಿದ್ದಾರೆ. ತಪ್ಪಿಸಲಾಗದ ನೋವು ಎದುರಾದಾಗಲೂ ಅರ್ಥ ಸಾಧ್ಯ ಎಂಬುದಷ್ಟೇ ಅವರ ವಾದ. ಶಸ್ತ್ರಚಿಕಿತ್ಸೆಯಿಂದ ಗುಣವಾಗಬಹುದಾದ ಕಾಯಿಲೆಯನ್ನು ಸುಮ್ಮನೆ ಸಹಿಸಿಕೊಂಡು ಕೂರುವುದು ಅವರ ದೃಷ್ಟಿಯಲ್ಲಿ ಧೀರತನವಲ್ಲ, ಆತ್ಮಪೀಡನೆ.

ತಪ್ಪಿಸಲಾಗದ ನೋವಿನಲ್ಲೂ ಅರ್ಥ ಕಾಣಬಹುದು ಎಂಬುದಕ್ಕೆ ಅವರೇ ಕೊಟ್ಟ ಉದಾಹರಣೆಯೊಂದಿದೆ. ಪತ್ನಿಯ ಸಾವಿನಿಂದ ಎರಡು ವರ್ಷವಾದರೂ ಚೇತರಿಸಿಕೊಳ್ಳದ ವೃದ್ಧ ವೈದ್ಯರೊಬ್ಬರು ಬಂದಾಗ, ನೀವೇ ಮೊದಲು ತೀರಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಫ್ರಾಂಕ್ಲ್ ಕೇಳಿದರು. ಅವಳು ತುಂಬ ನರಳುತ್ತಿದ್ದಳು ಎಂದರು ವೃದ್ಧರು. ಆ ನರಳಾಟವನ್ನು ನೀವು ಆಕೆಗೆ ತಪ್ಪಿಸಿದ್ದೀರಿ, ಅದಕ್ಕೆ ಬೆಲೆಯಾಗಿ ಈಗ ನೀವು ಬದುಕಿದ್ದು ಶೋಕಿಸಬೇಕಾಗಿದೆ ಎಂದಾಗ, ಅವರು ಮರುಮಾತಾಡದೆ ಕೈಕುಲುಕಿ ಹೊರಟುಹೋದರು.