ಎಚ್‌ಐವಿ ತಡೆ ಕೆಲಸ ಮೊಬೈಲಿಗೆ ಇಳಿಯಬೇಕೇ?

ಪರ

ಕಲಬುರಗಿಯ ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್, ಹೆದ್ದಾರಿ ಬದಿಯ ಢಾಬಾ: ಎಚ್‌ಐವಿ ತಡೆ ಕೆಲಸದವರಿಗೆ ‘ಹಾಟ್‌ಸ್ಪಾಟ್’ ಎಂದರೆ ಸೋಂಕಿನ ಅಪಾಯ ಹೆಚ್ಚಿರುವವರು ಸಿಗುವ ಇಂಥ ಜಾಗಗಳು. ಪೀರ್ ಎಜುಕೇಟರ್ (ಆ ಸಮುದಾಯದವರೇ ಆದ ಕಾರ್ಯಕರ್ತರು) ಸಂಜೆ ಅಲ್ಲಿ ಸುತ್ತಾಡಿ, ಗುರುತಿದ್ದವರನ್ನು ಮಾತಾಡಿಸಿ, ಕಾಂಡೋಮ್ ಕೊಟ್ಟು, ರಕ್ತಪರೀಕ್ಷೆಗೆ ಒಪ್ಪಿಸಬೇಕು. ಈಗ ಲೈಂಗಿಕ ವೃತ್ತಿಯವರ ಗಿರಾಕಿಯೇ ನಿಲ್ದಾಣಕ್ಕೆ ಬರುವುದು ಕಡಿಮೆ, ವಾಟ್ಸ್‌ಆ್ಯಪ್ ಮಾಡುತ್ತಾನೆ. ಗಂಡಸರ ಸಂಗ ಬಯಸುವ ಗಂಡಸರು ಡೇಟಿಂಗ್ ಆ್ಯಪ್‌ನಲ್ಲಿ ಭೇಟಿಯಾಗುತ್ತಾರೆ. ಅವರಲ್ಲಿ ಮದುವೆಯಾದವರೂ ಇದ್ದಾರೆ. ಎಚ್‌ಐವಿ ತಡೆ ಕೆಲಸದ ಸಂಸ್ಥೆಯ ಬೋರ್ಡ್ ಕಂಡರೆ ದಾರಿ ಬದಲಿಸುವವರು. ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಅಂಥವನೊಬ್ಬ ರಾತ್ರಿ ಹನ್ನೊಂದಕ್ಕೆ ಏನು ಕೇಳುತ್ತಾನೆ? ‘ನಿನ್ನೆ ಕಾಂಡೋಮ್ ಹರಿದಿತ್ತು, ಈಗೇನು ಮಾಡಲಿ?’ ಉತ್ತರವಿದೆ, ಆದರೆ ಅದಕ್ಕೊಂದು ಗಡುವೂ ಇದೆ. ಸೋಂಕು ತಗಲದಂತೆ ವೈದ್ಯರು ಕೊಡುವ ‘ಪೆಪ್’ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. 28 ದಿನ ತಪ್ಪದೆ ನುಂಗಬೇಕು. ಮುಂದಿನ ವಾರ ಸಿಗುವ ಕಾರ್ಯಕರ್ತನಿಂದ ಅವನಿಗೆ ಏನೂ ಪ್ರಯೋಜನವಿಲ್ಲ. 1097 ಉಚಿತ ಸಹಾಯವಾಣಿ ಇದೆ, ನಿಜ. ಹಾಸ್ಟೆಲ್ ಕೋಣೆಯಲ್ಲಿ ನಾಲ್ವರ ನಡುವೆ ಕುಳಿತು ಈ ಮಾತನ್ನು ಬಾಯಿಬಿಟ್ಟು ಹೇಳುವವರು ಯಾರು? ಟೈಪ್ ಮಾಡಬಹುದು.

ಗುಳೆ ಹೋದವರ ಪಾಡೂ ಇದೇ. ಸುರಪುರ, ಶಹಾಪುರದ ಕಡೆಯಿಂದ ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದವರಲ್ಲಿ ಸೋಂಕಿದ್ದವರು ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ದಿನವೂ ತೆಗೆದುಕೊಳ್ಳಬೇಕು. ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡದು. ಊರಿನ ಕಾರ್ಯಕರ್ತೆ ಪುಣೆಗೆ ಹೋಗಲಾರಳು, ಅವಳ ವಾಯ್ಸ್ ಮೆಸೇಜ್ ಹೋಗುತ್ತದೆ.

ವಿರೋಧ

ಫೋನ್ ಯಾರ ಕೈಯಲ್ಲಿದೆ? ಮೊದಲು ಅದನ್ನು ಕೇಳಿ. 2011ರ ಜನಗಣತಿಯಲ್ಲಿ ರಾಜ್ಯದಲ್ಲೇ ಸಾಕ್ಷರತೆ ಕಡಿಮೆಯಿದ್ದ ಜಿಲ್ಲೆ ಯಾದಗಿರಿ, ಶೇ 52ರ ಆಸುಪಾಸು. ಇಲ್ಲಿ ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ, ಅದೂ ಮಗನ ಬಳಿ. ‘ಅವ್ವಾ, ದವಾಖಾನಿಯಿಂದ ಮೆಸೇಜ್ ಬಂದದ, ರಕ್ತ ಟೆಸ್ಟ್ ಮಾಡ್ಸಕೋರಿ ಅಂತದ. ಯಾತರ ಟೆಸ್ಟ್ ಇದು?’ ಎಂದು ಅವನು ಕೇಳಿದರೆ ಆ ತಾಯಿ ಏನು ಹೇಳಬೇಕು?

2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಯಾರ ಸೋಂಕಿನ ವಿಷಯವನ್ನೂ ಹೊರಗೆಡಹುವಂತಿಲ್ಲ. ಒಳ್ಳೆಯ ಕಾಯ್ದೆ. ಆದರೆ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದ ಕೂಡಲೇ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಸ್ಕ್ರೀನ್‌ಶಾಟ್ ಓಣಿ ದಾಟಿದ ಮೇಲೆ ಕಾಯ್ದೆಯ ಕಲಂ ಹಿಡಿದು ಮಾನ ವಾಪಸ್ ತರಲಾಗದು.

ಡೇಟಿಂಗ್ ಆ್ಯಪ್‌ನಲ್ಲಿ ಸುಳ್ಳು ಪ್ರೊಫೈಲ್ ಮಾಡಿ, ಕರೆಸಿಕೊಂಡು, ‘ಮನೆಗೆ ಹೇಳ್ತೀವಿ’ ಎಂದು ಹೆದರಿಸಿ ದುಡ್ಡು ಕೀಳುವವರಿದ್ದಾರೆ. ಅಲ್ಲಿ ಅಪರಿಚಿತನೊಬ್ಬ ‘ನಾನು ಸಂಸ್ಥೆಯವನು, ಉಚಿತ ಪರೀಕ್ಷೆ ಇದೆ, ಬಾ’ ಎಂದರೆ ಹೋಗದಿರುವುದೇ ಜಾಣತನ. ಜಾತ್ರೆಯಲ್ಲಿ, ಸಂತೆಯಲ್ಲಿ ವರ್ಷಗಟ್ಟಲೆ ಮುಖ ನೋಡಿದ ಪೀರ್ ಎಜುಕೇಟರ್ ಮೇಲಿರುವ ನಂಬಿಕೆ ಪ್ರೊಫೈಲ್ ಫೋಟೊ ಮೇಲೆ ಹುಟ್ಟದು.

ಇನ್ನು ಪರೀಕ್ಷೆ. ಮೊದಲನೆಯದರಲ್ಲಿ ಸೋಂಕಿನ ಸುಳಿವು ಸಿಕ್ಕರೆ ಅಷ್ಟಕ್ಕೇ ತೀರ್ಮಾನವಾಗದು. ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಿ ಖಚಿತಪಡಿಸುತ್ತಾರೆ. ಆ ಹೊತ್ತಿನಲ್ಲಿ ಎದ್ದು ಹೋಗುವವರನ್ನು ಕೈಹಿಡಿದು ಕೂರಿಸಲು ಮನುಷ್ಯರೇ ಬೇಕು. ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಚಾರ್ಜು ಉಳಿದಿದೆ, ಆ ದಿನದ ಕೂಲಿ ಉಳಿದಿಲ್ಲ. ಎಆರ್‌ಟಿ ಕೇಂದ್ರಕ್ಕೆ ಹೋಗಿಬರಲು ಅದನ್ನು ಬಿಡಲೇಬೇಕು. ಇದಕ್ಕೆ ಯಾವ ಆ್ಯಪ್ ಇದೆ?

ನನ್ನ ನಿಜವಾದ ಅಂಜಿಕೆ ಬೇರೆ. ‘ಇಷ್ಟು ಸಾವಿರ ಜನರಿಗೆ ಮೆಸೇಜ್ ತಲುಪಿತು’ ಎಂಬ ವರದಿ ನೋಡಲು ಚಂದ. ಆ ಅಂಕಿ ಮುಂದಿಟ್ಟುಕೊಂಡು, ಬಸ್ ನಿಲ್ದಾಣದಲ್ಲಿ ತಿರುಗುವ ಹೆಣ್ಣುಮಗಳ ಗೌರವಧನಕ್ಕೆ ಕತ್ತರಿ ಹಾಕುವುದಾದರೆ ಆ್ಯಪೇ ಬೇಡ.