ಚಂದಾ ಸರ್ಕಾರದ್ದು, ಬೀಗ ಪ್ರಕಾಶಕರದ್ದು

ಸಂಶೋಧನಾ ಜರ್ನಲ್‌ಗಳಿಗೆ ಕೇಂದ್ರ ಸರ್ಕಾರವೇ ಒಟ್ಟಾಗಿ ಚಂದಾ ಕಟ್ಟುವ 'ಒಂದು ದೇಶ, ಒಂದು ಚಂದಾ' ಯೋಜನೆ ಬಂದಮೇಲೆ ಸಂಶೋಧನೆಯೆಲ್ಲ ಜನರಿಗೆ ತೆರೆದುಕೊಂಡಿತು ಅಂತ ಹಲವರು ನಂಬಿದ್ದಾರೆ. ಇಲ್ಲ. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಲಾಗಿನ್ ಮಾತ್ರ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಕೇಂದ್ರದ ಸಂಶೋಧನಾ ಸಂಸ್ಥೆಗಳ ಒಳಗಿದ್ದವರಿಗೆ. ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಓದಬೇಕೆನ್ನುವ ತೀರ್ಥಹಳ್ಳಿಯ ಬೆಳೆಗಾರ, ತಾಲ್ಲೂಕಿನಲ್ಲಿ ಸ್ವಂತ ಕ್ಲಿನಿಕ್ ನಡೆಸುವ ವೈದ್ಯೆ ಇಬ್ಬರೂ ತೆರಿಗೆ ಕಟ್ಟಿ ಹೊರಗೇ ನಿಂತಿರುತ್ತಾರೆ.

ಇಷ್ಟು ಖರ್ಚಿಲ್ಲದ ದಾರಿಯೊಂದು 2014ರಿಂದಲೇ ಇದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗಳ (ಡಿಎಸ್‌ಟಿ) ಹಣದಲ್ಲಿ ನಡೆದ ಸಂಶೋಧನೆಯ ಲೇಖನ ಜರ್ನಲ್‌ನಲ್ಲಿ ಅಂಗೀಕಾರವಾದ ಎರಡು ವಾರದೊಳಗೆ ಅದರ ಹಸ್ತಪ್ರತಿಯನ್ನು ಯಾರು ಬೇಕಾದರೂ ಓದಬಹುದಾದ ಆನ್‌ಲೈನ್ ಭಂಡಾರಕ್ಕೆ ಹಾಕಬೇಕು. ಪ್ರಕಾಶಕರ ತಡೆ ಇದ್ದರೂ ವಿಜ್ಞಾನಕ್ಕೆ ಆರು ತಿಂಗಳು, ಮಾನವಿಕಗಳಿಗೆ ಹನ್ನೆರಡು ತಿಂಗಳಲ್ಲಿ ಅದು ತೆರೆಯಬೇಕು. ನಿಯಮ ಚೆನ್ನಾಗಿದೆ, ಎಡವುವುದು ಕಡತದಲ್ಲಿ. ಎಷ್ಟೋ ಲೇಖಕರು ಪ್ರಕಾಶಕರು ಅಚ್ಚುಕಟ್ಟು ಮಾಡಿದ ಪಿಡಿಎಫ್ಅನ್ನೇ ಹಾಕುತ್ತಾರೆ. ಸಾಮಾನ್ಯವಾಗಿ ಪ್ರಕಾಶಕರ ಜೊತೆಗಿನ ಒಪ್ಪಂದ ಅದಕ್ಕೆ ಬಿಡುವುದಿಲ್ಲ. ಹಾಕಬೇಕಾದ್ದು ವಿಮರ್ಶಕರ ತಿದ್ದುಪಡಿ ಮುಗಿದು, ಪುಟವಿನ್ಯಾಸಕ್ಕೆ ಮುಂಚಿನ ವರ್ಡ್ ಫೈಲು. ಅದು ಯಾರದೋ ಇಮೇಲಿನಲ್ಲಿ ಹೂತುಹೋಗಿರುತ್ತದೆ. ಅಂಗೀಕಾರದ ಪತ್ರ ಬಂದ ದಿನವೇ ತೆಗೆದಿಡಿ, ಅಷ್ಟೇ. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ ಅಂತೂ 2008ರಿಂದ ಇದ್ದ 12 ತಿಂಗಳ ಕಾಯುವ ಅವಧಿಯನ್ನೂ 2025ರ ಜುಲೈ 1ರಿಂದ ಕೈಬಿಟ್ಟಿತು. ನಮ್ಮ ಇಲಾಖೆಗಳು ಮುಂದಿನ ಅನುದಾನಕ್ಕೆ ಭಂಡಾರದ ಕೊಂಡಿ ಕೇಳಿದರೆ ಸಾಕು, ಫೈಲುಗಳು ತಾವಾಗಿ ಸಿಗುತ್ತವೆ!

ಹೊರಗಿರುವವರು ಸದ್ಯಕ್ಕೆ ಲೇಖನದ ಡಿಒಐ (ಪ್ರತಿ ಲೇಖನಕ್ಕೆ ಕೊಡುವ ಗುರುತು ಸಂಖ್ಯೆ) ಹಿಡಿದು, ಉಚಿತ ಪ್ರತಿ ಹುಡುಕಿಕೊಡುವ ಅನ್‌ಪೇವಾಲ್ ತಾಣದಲ್ಲಿ ನೋಡಿ. ಸಿಗದಿದ್ದರೆ ಗೂಗಲ್ ಸ್ಕಾಲರ್‌ನಲ್ಲಿ ಶೀರ್ಷಿಕೆ ಹಾಕಿ, ಕೆಳಗಿನ 'ಆಲ್ ವರ್ಷನ್ಸ್' ಒತ್ತಿ. ಕೃಷಿ ವಿ.ವಿ.ಗಳ ಮಹಾಪ್ರಬಂಧಕ್ಕೆ ಕೃಷಿಕೋಶ, ಉಳಿದ ಪಿಎಚ್‌ಡಿಗಳಿಗೆ ಶೋಧಗಂಗಾ ಎಂಬ ಜಾಲತಾಣಗಳಿವೆ, ಎರಡಕ್ಕೂ ಕಾಸಿಲ್ಲ. ಕೊನೆಗೆ ಲೇಖಕರಿಗೇ ಎರಡು ಸಾಲು ಇಮೇಲ್. ಬಹಳಷ್ಟು ಜನ ಖುಷಿಯಿಂದ ಕಳಿಸುತ್ತಾರೆ.

ಕನ್ನಡದ ಪ್ರಬಂಧಗಳದ್ದು ಬೇರೆಯೇ ಗೋಳು. ಶೋಧಗಂಗಾದಲ್ಲಿ ಅವು ತೆರೆದೇ ಇವೆ, ಹುಡುಕಿದರೆ ಸಿಗುವುದಿಲ್ಲ. ಹಳೆಯ 'ನುಡಿ' ತಂತ್ರಾಂಶದ ಫಾಂಟಿನಲ್ಲಿ ಟೈಪಾದ ಪಿಡಿಎಫ್ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿದ್ದಾದರೆ ಬರೀ ಚಿತ್ರ. ಶೀರ್ಷಿಕೆಯನ್ನೂ ಹಲವೆಡೆ ಇಂಗ್ಲಿಷ್ ಲಿಪಿಯಲ್ಲಿ ತೋಚಿದಂತೆ ಬರೆದಿರುತ್ತಾರೆ. ಹಾಗಾಗಿ 'ಜಾನಪದ' ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು 'ಎ', ಎರಡು 'ಎ' ಎರಡೂ ಬಗೆಯಲ್ಲಿ ಹಾಕಿ ನೋಡಿ. ಆಗಲೂ ಸಿಗದಿದ್ದರೆ ವಿಶ್ವವಿದ್ಯಾಲಯ, ವಿಭಾಗ ಆರಿಸಿಕೊಂಡು ಮಾರ್ಗದರ್ಶಕರ ಹೆಸರಿನಿಂದ ಇಳಿಯಿರಿ.